ಸೆಕ್ಟರ್ ಅಳತೆ ಬೇರೆ ಇರುವ ಡ್ರೈವ್‌ಗೆ ವಿಎಂ ಡಿಸ್ಕ್ ಇಮೇಜ್ ಸಾಗಿಸುವುದು: ಸಮಗ್ರ ಮಾರ್ಗದರ್ಶಿ

ಹಳೆಯ ಡ್ರೈವ್ ತುಂಬಿತು, ಹೊಸ ಎನ್‌ವಿಎಂಇ ಡ್ರೈವ್ ತಂದು ಹಾಕಿದಿರಿ. ವರ್ಚುವಲ್ ಮಷಿನ್‌ನ (ವಿಎಂ, ಅಂದರೆ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್) ಡಿಸ್ಕನ್ನು ಅದಕ್ಕೆ ಕಾಪಿ ಮಾಡಿದಿರಿ. ಒಂದು ಎರರ್ ಕೂಡ ಬರಲಿಲ್ಲ. ಆದರೆ ವಿಎಂ ಆನ್ ಮಾಡಿದರೆ ಬೂಟ್ ಆಗುತ್ತಿಲ್ಲ, ಪಾರ್ಟಿಶನ್ ಒಂದೂ ಕಾಣುತ್ತಿಲ್ಲ. ಮತ್ತೆ ಕಾಪಿ ಮಾಡುತ್ತೀರಿ, ಮತ್ತೆ ಅದೇ ಕಥೆ. ಮೂರನೇ ಸಲಕ್ಕೆ ಇಮೇಜೇ (ವಿಎಂನ ಡಿಸ್ಕನ್ನು ಹಿಡಿದಿಟ್ಟ ಫೈಲ್) ಕೆಟ್ಟಿದೆ ಅಂದುಕೊಂಡು ರಿಪೇರಿ ಟೂಲ್ ಓಡಿಸುತ್ತೀರಿ. ಡೇಟಾ ನಿಜವಾಗಿ ಕೆಡುವುದು ಆ ಗಳಿಗೆಯಲ್ಲಿ. ಅಲ್ಲಿವರೆಗೆ ಎಲ್ಲವೂ ಸರಿಯಾಗಿಯೇ ಇತ್ತು.

ಈ ತೊಂದರೆ ಹೇಳಿಕೊಂಡು ಬಂದವರಲ್ಲಿ ಹೆಚ್ಚಿನವರು ಎಡವಿದ್ದು ಒಂದೇ ಜಾಗದಲ್ಲಿ. ಹಾಗಾಗಿ ಇಡೀ ಕೆಲಸದ ನಿಯಮವನ್ನು ಮೊದಲೇ ಹೇಳಿಬಿಡುತ್ತೇನೆ. ವಿಎಂ ಒಳಗಿನ ಓಎಸ್‌ಗೆ ನಿನ್ನೆವರೆಗೆ ಯಾವ ಲಾಜಿಕಲ್ ಸೆಕ್ಟರ್ ಅಳತೆ ಕಾಣುತ್ತಿತ್ತೋ, ನಾಳೆಯೂ ಅದೇ ಕಾಣಬೇಕು. ಕೆಳಗಿನ ಡ್ರೈವ್ ಯಾವುದೇ ಇರಲಿ. ಮುಂದಿನ ಎಲ್ಲ ಹಂತಗಳೂ ಇದನ್ನು ಕಾಪಾಡುವುದಕ್ಕಾಗಿಯೇ ಇವೆ.

ಇಲ್ಲಿನ ಉದಾಹರಣೆಗಳು ಲಿನಕ್ಸ್‌ನಲ್ಲಿ ವಿಎಂ ಓಡಿಸುವ ಕೆವಿಎಂ ಮೇಲಿನವು. ಮೈಕ್ರೋಸಾಫ್ಟ್‌ನ ಹೈಪರ್-ವಿ ಬಳಸುವವರಿಗೆ ಬೇರೆ ಭಾಗವಿದೆ. ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

## ಎರಡು ಅಳತೆಗಳ ವ್ಯತ್ಯಾಸ

ಡ್ರೈವ್‌ಗೆ ಎರಡು ಸೆಕ್ಟರ್ ಅಳತೆಗಳಿರುತ್ತವೆ. ಒಳಗೆ ನಿಜವಾಗಿ ಬರೆಯುವ ತುಣುಕು ಫಿಸಿಕಲ್ ಸೆಕ್ಟರ್. ಹೊರಗಿನವರಿಗೆ ಲೆಕ್ಕ ಕೊಡುವ ತುಣುಕು ಲಾಜಿಕಲ್ ಸೆಕ್ಟರ್. ಎರಡೂ 512 ಬೈಟ್ ಇದ್ದರೆ ಅದು 512ಎನ್. ಒಳಗೆ 4096, ಹೊರಗೆ 512 ಇದ್ದರೆ 512ಇ. ಎರಡೂ 4096 ಇದ್ದರೆ 4ಕೆಎನ್.

512ಎನ್‌ನಿಂದ 512ಇಗೆ ಹೋದರೆ ಏನೂ ಒಡೆಯುವುದಿಲ್ಲ, ವೇಗ ಮಾತ್ರ ಕಡಿಮೆಯಾಗಬಹುದು. 512ರ ಯಾವುದರಿಂದಲಾದರೂ 4ಕೆಎನ್‌ಗೆ ಹೋದಾಗ, ಅಥವಾ ಅಲ್ಲಿಂದ ವಾಪಸ್ ಬರುವಾಗ, ಲಾಜಿಕಲ್ ಅಳತೆಯೇ ಬದಲಾಗುತ್ತದೆ. ಎಚ್ಚರ ಬೇಕಾಗಿರುವುದು ಅಲ್ಲಿ.

## ಬೇಕಾಗುವ ಸಾಮಾನು

- ಕ್ಯೂಎಮು-ಐಎಂಜಿ: ಇಮೇಜ್ ಪರೀಕ್ಷೆ, ಪರಿವರ್ತನೆ, ಹೋಲಿಕೆಗೆ
- ಎಲ್‌ಎಸ್‌ಬಿಎಲ್‌ಕೆ, ಬ್ಲಾಕ್‌ಡೆವ್, ಲೋಸೆಟಪ್: ಬಹುತೇಕ ಎಲ್ಲ ಲಿನಕ್ಸ್‌ನಲ್ಲೂ ಇರುತ್ತವೆ
- ಎಸ್‌ಜಿಡಿಸ್ಕ್: ಜಿಪಿಟಿ ಎಂಬ ಬಗೆಯ ಪಾರ್ಟಿಶನ್ ಟೇಬಲ್‌ಗೆ (ಯಾವ ಪಾರ್ಟಿಶನ್ ಎಲ್ಲಿದೆ ಎಂದು ಹೇಳುವ ಪಟ್ಟಿ)
- ಲೈವ್ ಐಎಸ್‌ಒ ಒಂದು (ಇನ್‌ಸ್ಟಾಲ್ ಮಾಡದೆ ನೇರ ಬೂಟ್ ಆಗುವ ಲಿನಕ್ಸ್)
- ಹೊಸ ಡ್ರೈವ್‌ನಲ್ಲಿ ಇಮೇಜ್‌ನ ಪೂರ್ತಿ ವರ್ಚುವಲ್ ಗಾತ್ರದಷ್ಟು ಖಾಲಿ ಜಾಗ

ಕೊನೆಯದನ್ನು ಸುಮ್ನೆ ಹೇಳುತ್ತಿಲ್ಲ. 100 ಜಿಬಿ ಇಮೇಜ್ ಹಳೆಯ ಡ್ರೈವ್‌ನಲ್ಲಿ 18 ಜಿಬಿ ಮಾತ್ರ ಹಿಡಿದಿರಬಹುದು. ಕಾಪಿ ಮಾಡುವ ರೀತಿ ತಪ್ಪಿದರೆ ಅದೇ ಇಮೇಜ್ ಹೊಸ ಕಡೆ ಪೂರ್ತಿ 100 ಜಿಬಿ ಆಗಿಬಿಡುತ್ತದೆ.

## ಹಂತ 1: ಮೂರು ಜಾಗದಲ್ಲಿ ಅಳತೆ ನೋಡಿ, ಬರೆದಿಡಿ

ಹಳೆಯ ಡ್ರೈವ್, ಹೊಸ ಡ್ರೈವ್, ವಿಎಂ ಒಳಗೆ. ಹೆಚ್ಚಿನವರು ಮೊದಲ ಎರಡನ್ನು ನೋಡಿ ಮೂರನೆಯದನ್ನು ಬಿಡುತ್ತಾರೆ. ಮುಖ್ಯವಾದದ್ದು ಆ ಮೂರನೆಯದೇ.

ಲಿನಕ್ಸ್‌ನಲ್ಲಿ "ಎಲ್‌ಎಸ್‌ಬಿಎಲ್‌ಕೆ -ಟಿ" ಕೊಟ್ಟರೆ ಫೈ-ಸೆಕ್, ಲಾಗ್-ಸೆಕ್ ಎಂಬ ಎರಡು ಕಾಲಂ ಬರುತ್ತವೆ. ಒಂದೇ ಡ್ರೈವ್ ಸಾಕು ಎಂದರೆ "ಬ್ಲಾಕ್‌ಡೆವ್ --ಗೆಟ್‌ಎಸ್‌ಎಸ್" ಲಾಜಿಕಲ್ ಅಳತೆ ಕೊಡುತ್ತದೆ. ವಿಂಡೋಸ್ ಗೆಸ್ಟ್ (ವಿಎಂ ಒಳಗಿನ ಓಎಸ್) ಒಳಗಾದರೆ ಅಡ್ಮಿನಿಸ್ಟ್ರೇಟರ್ ಆಗಿ "ಎಫ್‌ಎಸ್‌ಯುಟಿಲ್ ಎಫ್‌ಎಸ್‌ಇನ್ಫೊ ಸೆಕ್ಟರ್‌ಇನ್ಫೊ ಸಿ:" ಕೊಡಿ.

ಕೆವಿಎಂ ಜೊತೆ ವಿಎಂ ಓಡಿಸುವ ಪ್ರೋಗ್ರಾಂ ಕ್ಯೂಎಮು. ಅದು ತಾನಾಗಿಯೇ ಗೆಸ್ಟ್‌ಗೆ 512 ತೋರಿಸುತ್ತದೆ. ಕೆಳಗಿನ ಡ್ರೈವ್ 4ಕೆಎನ್ ಆಗಿದ್ದರೂ ಅಷ್ಟೇ. ಕ್ಯೂಕೌ2 (ಕ್ಯೂಎಮುವಿನ ಇಮೇಜ್ ಫಾರ್ಮ್ಯಾಟ್) ಫೈಲ್ ಒಳಗೆ ಸೆಕ್ಟರ್ ಅಳತೆ ಬರೆದಿರುವುದಿಲ್ಲ, ಅದು ವಿಎಂ ಸೆಟ್ಟಿಂಗ್‌ನಲ್ಲಿರುತ್ತದೆ. ಆದ್ದರಿಂದ ಇಮೇಜ್ ಫೈಲ್ ಒಂದನ್ನೇ ಒಯ್ದು ಸೆಟ್ಟಿಂಗ್ ಫೈಲ್ ಬಿಟ್ಟು ಬಂದರೆ ಅಳತೆಯನ್ನೂ ಅಲ್ಲೇ ಬಿಟ್ಟು ಬಂದ ಹಾಗೆ. "ವರ್ಶ್ ಡಂಪ್‌ಎಕ್ಸ್‌ಎಂಎಲ್" ಕೊಟ್ಟು ಆ ಸೆಟ್ಟಿಂಗನ್ನೂ ಜೊತೆಗೆ ತೆಗೆದಿಡಿ.

## ಹಂತ 2: ನಿಮ್ಮದು ಯಾವ ಬಗೆಯ ಸಾಗಾಟ?

ಇಮೇಜ್ ಒಂದು ಫೈಲ್ ಆಗಿದ್ದು, ಹೊಸ ಡ್ರೈವ್‌ನಲ್ಲೂ ಫೈಲ್ ಆಗಿಯೇ ಇರುತ್ತದೆಯೇ? ಹಾಗಿದ್ದರೆ ನಿರಾಳವಾಗಿರಿ. ನಡುವೆ ಫೈಲ್ ಸಿಸ್ಟಂ ಇರುವುದರಿಂದ ಡ್ರೈವ್‌ನ ಸೆಕ್ಟರ್ ಅಳತೆ ಗೆಸ್ಟ್‌ಗೆ ಮುಟ್ಟುವುದೇ ಇಲ್ಲ. ಹಂತ 3, 4, 5 ಮುಗಿಸಿ ಪರೀಕ್ಷೆಗೆ ಹೋಗಿ.

ವಿಎಂ ಡಿಸ್ಕ್ ಎಲ್‌ವಿಎಂ (ಡ್ರೈವ್‌ಗಳ ಜಾಗವನ್ನು ಒಟ್ಟುಗೂಡಿಸಿ ಹಂಚುವ ಲಿನಕ್ಸ್ ವ್ಯವಸ್ಥೆ) ವಾಲ್ಯೂಮ್, ಪಾರ್ಟಿಶನ್ ಅಥವಾ ಇಡೀ ಡ್ರೈವ್ ಆಗಿದ್ದರೆ ಹಂತ 6 ಓದದೆ ಕೈ ಹಾಕಬೇಡಿ. ನಿಜವಾದ ಕಂಪ್ಯೂಟರ್‌ನ ಡ್ರೈವನ್ನು ಇಮೇಜ್ ಮಾಡಿ ವಿಎಂ ಆಗಿ ಓಡಿಸುವವರಿಗೂ, ವಿಎಂ ಇಮೇಜನ್ನು ನಿಜವಾದ ಡ್ರೈವ್‌ಗೆ ಇಳಿಸುವವರಿಗೂ ಇದೇ ಮಾತು.

## ಹಂತ 3: ಪೂರ್ತಿ ಶಟ್‌ಡೌನ್, ಆಮೇಲೆ ಪರೀಕ್ಷೆ

ವಿಎಂ ಅನ್ನು ಪಾಝ್ ಅಥವಾ ಸೇವ್ ಮಾಡಿಟ್ಟರೆ ಸಾಲದು. ಪೂರ್ತಿ ಆಫ್ ಆಗಬೇಕು. ವಿಂಡೋಸ್ ಗೆಸ್ಟ್ ಆಗಿದ್ದರೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ ಶಟ್‌ಡೌನ್ ಕೊಡಿ. ಇಲ್ಲದಿದ್ದರೆ ವಿಂಡೋಸ್‌ನ ಫೈಲ್ ಸಿಸ್ಟಂ ಎನ್‌ಟಿಎಫ್‌ಎಸ್ ಅರ್ಧ ತೆರೆದ ಸ್ಥಿತಿಯಲ್ಲೇ ಉಳಿಯುತ್ತದೆ.

ಸ್ನ್ಯಾಪ್‌ಶಾಟ್‌ಗಳನ್ನು ಮರ್ಜ್ ಮಾಡಿ ಒಂದೇ ಇಮೇಜ್ ಮಾಡಿಕೊಳ್ಳಿ. "ಕ್ಯೂಎಮು-ಐಎಂಜಿ ಇನ್ಫೊ --ಬ್ಯಾಕಿಂಗ್-ಚೈನ್" ಕೊಟ್ಟಾಗ ಒಂದಕ್ಕಿಂತ ಹೆಚ್ಚು ಫೈಲ್ ಕಂಡರೆ ಸರಪಳಿ ಇನ್ನೂ ಇದೆ ಎಂದರ್ಥ. ಮೇಲಿನ ಫೈಲ್ ಒಂದನ್ನೇ ಒಯ್ದು, "ಡಿಸ್ಕ್ ಖಾಲಿಯಾಗಿದೆ" ಎಂದು ಗಾಬರಿಯಾದವರು ಬೇಕಾದಷ್ಟು ಜನ.

ನಂತರ "ಕ್ಯೂಎಮು-ಐಎಂಜಿ ಚೆಕ್" ಕೊಡಿ. ಇಲ್ಲಿ ಎರರ್ ಬಂದರೆ ಹಳೆಯ ಡ್ರೈವ್‌ನಲ್ಲೇ ಸರಿ ಮಾಡಿಕೊಳ್ಳಿ. ರಾ ಇಮೇಜ್‌ಗೆ (ಡಿಸ್ಕ್‌ನ ಬೈಟ್‌ಗಳು ಇದ್ದ ಹಾಗೇ ಇರುವ ಫೈಲ್) ಈ ಚೆಕ್ ನಡೆಯುವುದಿಲ್ಲ. ಅದಕ್ಕೆ ಎಸ್‌ಎಚ್‌ಎ256 ಮೊತ್ತ ತೆಗೆದಿಡಿ.

## ಹಂತ 4: ಕಾಪಿ

ಕ್ಯೂಕೌ2 ಆಗಿದ್ದರೆ "ಕ್ಯೂಎಮು-ಐಎಂಜಿ ಕನ್ವರ್ಟ್ -ಪಿ -ಎಫ್ ಕ್ಯೂಕೌ2 -ಓ ಕ್ಯೂಕೌ2", ಮುಂದೆ ಹಳೆಯ ಫೈಲ್, ಹೊಸ ಫೈಲ್. ಓ ದೊಡ್ಡಕ್ಷರ, ಉಳಿದವು ಚಿಕ್ಕವು. ಸಣ್ಣ -ಎಫ್ ಬಿಡಬೇಡಿ. ಬಿಟ್ಟರೆ ಟೂಲ್ ಫಾರ್ಮ್ಯಾಟನ್ನು ತಾನೇ ಊಹಿಸುತ್ತದೆ, ರಾ ಇಮೇಜ್ ವಿಷಯದಲ್ಲಿ ಅದು ಒಳ್ಳೆಯದಲ್ಲ. ಇದ್ದ ಹಾಗೇ ಒಯ್ಯಬೇಕಾದರೆ "ಸಿಪಿ --ಸ್ಪಾರ್ಸ್=ಆಲ್ವೇಸ್" ಸಾಕು.

ರಾ ಇಮೇಜ್‌ಗೆ ಇನ್ನೊಂದು ಕೆಲಸವಿದೆ. ಫೈಲ್ ಗಾತ್ರವನ್ನು 4096ರಿಂದ ಭಾಗಿಸಿ. ಶೇಷ ಉಳಿದರೆ, ಕ್ಯಾಶ್ ಸೆಟ್ಟಿಂಗ್ "ನನ್" ಇರುವ ವಿಎಂ ಅನ್ನು 4ಕೆಎನ್ ಡ್ರೈವ್ ಮೇಲೆ ಆನ್ ಮಾಡುವಾಗ ಕ್ಯೂಎಮು ತಕರಾರು ತೆಗೆಯುತ್ತದೆ. "ಇಮೇಜ್ ಸೈಜ್ ಈಸ್ ನಾಟ್ ಎ ಮಲ್ಟಿಪಲ್ ಆಫ್ ರಿಕ್ವೆಸ್ಟ್ ಅಲೈನ್‌ಮೆಂಟ್" ಎನ್ನುವ ಸಾಲು ಬರುತ್ತದೆ. ಕೊನೆಯ ತುಣುಕು 4096 ಬೈಟ್ ತುಂಬಿಲ್ಲ, ಅಷ್ಟೇ. ಇಮೇಜ್ ಕೆಟ್ಟಿಲ್ಲ. ಹೊಸ ಕಾಪಿಯ ಮೇಲೆ "ಟ್ರಂಕೇಟ್ -ಎಸ್ %4096" ಕೊಟ್ಟರೆ ಗಾತ್ರ ಮೇಲಕ್ಕೆ ಸರಿಹೊಂದುತ್ತದೆ. ಇಲ್ಲಿ ಶೇಕಡಾ ಚಿಹ್ನೆಯೇ ಬೇಕು. ಓರೆಗೆರೆ ಹಾಕಿದರೆ ಗಾತ್ರ ಕೆಳಕ್ಕೆ ಹೋಗಿ ಡಿಸ್ಕ್‌ನ ಬಾಲ ಕತ್ತರಿಸುತ್ತದೆ.

ಹೀಗೆ ಬೆಳೆಸಿದ ಇಮೇಜ್‌ನಲ್ಲಿ ಜಿಪಿಟಿ ಇದ್ದರೆ, ಅದರ ಬ್ಯಾಕಪ್ ಹೆಡರ್ ಇನ್ನು ಕಟ್ಟಕಡೆಯ ಸೆಕ್ಟರ್‌ನಲ್ಲಿ ಇರುವುದಿಲ್ಲ. ಗೆಸ್ಟ್ ಒಳಗೆ "ಎಸ್‌ಜಿಡಿಸ್ಕ್ -ಇ" ಒಮ್ಮೆ ಕೊಡಿ, ಅದು ಕೊನೆಗೆ ಹೋಗಿ ಕೂರುತ್ತದೆ.

## ಹಂತ 5: ಗೆಸ್ಟ್‌ಗೆ ಕಾಣುವ ಅಳತೆಯನ್ನು ಬರೆದು ಭದ್ರ ಮಾಡಿ

"ವರ್ಶ್ ಎಡಿಟ್" ತೆರೆದು ಆ ಡಿಸ್ಕ್‌ನ ಭಾಗದಲ್ಲಿ ಬ್ಲಾಕ್‌ಐಒ ಎಂಬ ಸಾಲು ಸೇರಿಸಿ. ಅದರಲ್ಲಿ ಲಾಜಿಕಲ್ ಬ್ಲಾಕ್ ಸೈಜ್ 512, ಫಿಸಿಕಲ್ ಬ್ಲಾಕ್ ಸೈಜ್ 4096 ಕೊಡಿ. ಹಂತ 1ರಲ್ಲಿ ಗೆಸ್ಟ್ ಒಳಗೆ ಲಾಜಿಕಲ್ 4096 ಕಂಡಿದ್ದರೆ ಮಾತ್ರ ಎರಡೂ ಕಡೆ 4096.

ಫಿಸಿಕಲ್ ಅಳತೆಯನ್ನು ಯಾಕೆ ಹೇಳಬೇಕು? ಗೆಸ್ಟ್‌ಗೆ ಕೆಳಗಿನ ನಿಜ ಗೊತ್ತಾದರೆ ಬರವಣಿಗೆಯನ್ನು 4096ರ ಅಂಚಿಗೆ ಹೊಂದಿಸಿಕೊಳ್ಳುತ್ತದೆ. ಇನ್ನೊಂದು ಲಾಭವೂ ಇದೆ. ಆ ಗೆಸ್ಟ್ ಮುಂದೆ ಹೊಸ ಎಕ್ಸ್‌ಎಫ್‌ಎಸ್ (ಲಿನಕ್ಸ್‌ನ ಒಂದು ಫೈಲ್ ಸಿಸ್ಟಂ) ಮಾಡಿದರೆ ಅದು 4096ರ ಸೆಕ್ಟರ್‌ನಲ್ಲೇ ಹುಟ್ಟುತ್ತದೆ. ಮುಂದಿನ ಸಾಗಾಟ ಸಲೀಸಾಗುತ್ತದೆ.

ಹಳೇ ಗೆಸ್ಟ್‌ಗಳ ಬಗ್ಗೆ ಒಂದು ಮಾತು. ವಿಂಡೋಸ್ ಎಕ್ಸ್‌ಪಿ ಕಾಲದ ಡಿಸ್ಕ್‌ಗಳಲ್ಲಿ ಮೊದಲ ಪಾರ್ಟಿಶನ್ 63ನೇ ಸೆಕ್ಟರ್‌ನಿಂದ ಶುರುವಾಗುತ್ತದೆ. 63 × 512 ಎಂದರೆ 32256. ಇದು 4096ರಿಂದ ಭಾಗವಾಗುವುದಿಲ್ಲ. ಗೆಸ್ಟ್ ಬರೆಯುವ ಒಂದೊಂದು 4 ಕೆಬಿ ತುಣುಕೂ ಕೆಳಗೆ ಎರಡು ಸೆಕ್ಟರ್ ಮೇಲೆ ಬೀಳುತ್ತದೆ. ಎರಡನ್ನೂ ಓದಿ, ತಿದ್ದಿ, ಮತ್ತೆ ಬರೆಯಬೇಕು. ವಿಎಂ ಓಡುತ್ತದೆ, ಆದರೆ ತೆವಳುತ್ತದೆ. ಶುರುವಿನ ಸೆಕ್ಟರ್ 8ರಿಂದ ಭಾಗವಾಗುತ್ತದೆಯೇ ನೋಡಿ. ಈಗಿನ 2048 ಭಾಗವಾಗುತ್ತದೆ. ಭಾಗವಾಗದಿದ್ದರೆ ವರ್ಟ್-ರೀಸೈಜ್ ಬಳಸಿ ಪಾರ್ಟಿಶನ್‌ಗಳನ್ನು ಹೊಸ ಇಮೇಜ್‌ಗೆ ಸರಿಯಾದ ಅಂಚಿಗೆ ಕೂರಿಸಿ.

## ಹಂತ 6: ನೇರ ಡ್ರೈವ್ ಅಥವಾ ಎಲ್‌ವಿಎಂ ವಾಲ್ಯೂಮ್ ಆಗಿದ್ದರೆ

ಇಲ್ಲಿ ನಿಧಾನಕ್ಕೆ ಓದಿ. ಇಡೀ ಡ್ರೈವನ್ನು "ಡಿಡಿ"ಯಿಂದ ಕಾಪಿ ಮಾಡಿದಾಗ ಬೈಟ್‌ಗಳು ಒಂದೂ ಬಿಡದೆ ಹೋಗುತ್ತವೆ. ಆದರೆ ಪಾರ್ಟಿಶನ್ ಟೇಬಲ್ ಬೈಟ್ ಲೆಕ್ಕದಲ್ಲಿ ಮಾತಾಡುವುದಿಲ್ಲ, ಸೆಕ್ಟರ್ ಲೆಕ್ಕದಲ್ಲಿ ಮಾತಾಡುತ್ತದೆ. ಜಿಪಿಟಿ ಹೆಡರ್ ಇರಬೇಕಾದದ್ದು ಸೆಕ್ಟರ್ 1ರಲ್ಲಿ. 512ರ ಡ್ರೈವ್‌ನಲ್ಲಿ ಅದು 512ನೇ ಬೈಟ್. 4ಕೆಎನ್ ಡ್ರೈವ್‌ನಲ್ಲಿ 4096ನೇ ಬೈಟ್. ಕಾಪಿಯಾದ ಡಿಸ್ಕ್‌ನಲ್ಲಿ 4096ನೇ ಬೈಟ್‌ಗೆ ಹೋಗಿ ನೋಡಿದರೆ ಹೆಡರ್ ಅಲ್ಲ, ಪಾರ್ಟಿಶನ್ ಪಟ್ಟಿಯ ನಡುವಿನ ಯಾವುದೋ ತುಂಡು ಸಿಗುತ್ತದೆ. ಓಎಸ್ "ಟೇಬಲ್ ಇಲ್ಲ" ಎನ್ನುತ್ತದೆ. ಸೆಕ್ಟರ್ 0 ಮಾತ್ರ ಎರಡರಲ್ಲೂ ಒಂದೇ ಜಾಗ. ಅದಕ್ಕೇ ಕೆಲವೊಮ್ಮೆ ಇಡೀ ಡಿಸ್ಕ್ ಒಂದೇ ವಿಚಿತ್ರ ಪಾರ್ಟಿಶನ್ ಆಗಿ ಕಾಣುತ್ತದೆ.

ಜಿಪಿಟಿ ಬದಲು ಹಳೆ ಬಗೆಯ ಟೇಬಲ್ ಎಂಬಿಆರ್ ಇದ್ದರೆ ಇನ್ನೂ ಮೋಸ. ಟೇಬಲ್ ಓದಲು ಸಿಗುತ್ತದೆ, ಅರ್ಥ ಮಾತ್ರ ತಪ್ಪುತ್ತದೆ. 2048ನೇ ಸೆಕ್ಟರ್ ಎಂದರೆ ಮೊದಲು 1 ಎಂಐಬಿ ದೂರ ಆಗಿತ್ತು, ಈಗ 8 ಎಂಐಬಿ. ಪಾರ್ಟಿಶನ್ ಕಾಣುತ್ತದೆ, ಒಳಗೆ ಫೈಲ್ ಸಿಸ್ಟಂ ಇಲ್ಲ.

### ವಿಎಂ ಆಗಿಯೇ ಓಡಿಸುವುದಾದರೆ

ಇದು ಸುಲಭದ ದಾರಿ. ಡಿಡಿ ಮಾಡಿದ ವಾಲ್ಯೂಮನ್ನು ವಿಎಂಗೆ ಜೋಡಿಸಿ, ಗೆಸ್ಟ್‌ಗೆ 512 ತೋರಿಸಿ. ಹಂತ 5ರಲ್ಲಿ ಮಾಡಿದ್ದೇ ಸಾಕು. ನಡುವಿನ ಲೆಕ್ಕವನ್ನು ಕ್ಯೂಎಮು ನೋಡಿಕೊಳ್ಳುತ್ತದೆ. ಹೋಸ್ಟ್‌ನಿಂದ (ವಿಎಂ ಓಡುತ್ತಿರುವ ನಿಜವಾದ ಕಂಪ್ಯೂಟರ್) ನೋಡಿದರೆ ಪಾರ್ಟಿಶನ್‌ಗಳು ಕಾಣುವುದಿಲ್ಲ. ಹೆದರಬೇಡಿ, ಗೆಸ್ಟ್‌ಗೆ ಕಾಣುತ್ತವೆ.

ಹೋಸ್ಟ್‌ನಿಂದಲೇ ಒಳಗೆ ಇಣುಕಬೇಕೆಂದರೆ ಲೋಸೆಟಪ್ ಇದೆ. "ಲೋಸೆಟಪ್ -ಆರ್ -ಪಿ --ಫೈಂಡ್ --ಶೋ --ಸೆಕ್ಟರ್-ಸೈಜ್ 512", ಮುಂದೆ ವಾಲ್ಯೂಮ್ ಹೆಸರು. ಪಿ ಮಾತ್ರ ದೊಡ್ಡಕ್ಷರ. ಆರ್ ಎಂದರೆ ಓದುವುದಕ್ಕೆ ಮಾತ್ರ, ಅದನ್ನು ಯಾವತ್ತೂ ಬಿಡಬೇಡಿ.

ಈ ಕಮಾಂಡ್ ನನ್ನ ಕೈ ಹಿಡಿದದ್ದು ಯುಎಸ್‌ಬಿ ಡಾಕ್ ಒಂದರ ವಿಷಯದಲ್ಲಿ. ವಿಎಂ ಬ್ಯಾಕಪ್ ಇದ್ದ 4 ಟಿಬಿ ಡ್ರೈವನ್ನು ಡಾಕ್‌ನಿಂದ ತೆಗೆದು ನೇರ ಸಾಟಾ ಕೇಬಲ್‌ಗೆ ಹಾಕಿದೆ. ಪೂರ್ತಿ ಖಾಲಿ ಎಂದು ತೋರಿಸಿತು. ಎರಡು ವರ್ಷದ ಬ್ಯಾಕಪ್ ಅದರಲ್ಲಿತ್ತು, ಕೈ ನಡುಗಿತ್ತು. ಕೆಲವು ಡಾಕ್‌ಗಳು 2 ಟಿಬಿಗಿಂತ ದೊಡ್ಡ ಡ್ರೈವನ್ನು 4096ರ ಸೆಕ್ಟರ್ ಎಂದು ತೋರಿಸುತ್ತವೆ, ಕೇಬಲ್‌ಗೆ ಹಾಕಿದರೆ ಅದೇ ಡ್ರೈವ್ 512 ಎನ್ನುತ್ತದೆ. ಲೋಸೆಟಪ್‌ಗೆ 4096 ಎಂದು ಕೊಟ್ಟ ಕೂಡಲೇ ಎಲ್ಲ ಪಾರ್ಟಿಶನ್‌ಗಳೂ ಎದ್ದು ಬಂದವು. ಇಂಥ ಹೊತ್ತಲ್ಲಿ ವಿಂಡೋಸ್ "ಡಿಸ್ಕ್ ಇನಿಶಿಯಲೈಸ್ ಮಾಡಬೇಕೇ" ಎಂದು ಕೇಳುತ್ತದೆ. ದಯವಿಟ್ಟು ಕ್ಯಾನ್ಸಲ್ ಒತ್ತಿ.

### ನಿಜವಾದ ಡ್ರೈವ್‌ನಿಂದ ಬೂಟ್ ಆಗಬೇಕಾದರೆ

ಆಗ ಡಿಡಿ ದಾರಿ ಮುಚ್ಚಿದೆ. ಪಾರ್ಟಿಶನ್ ಟೇಬಲನ್ನು 8ರಿಂದ ಭಾಗಿಸಿ ಹೊಸದಾಗಿ ಬರೆದರೂ ಒಳಗಿನ ಫೈಲ್ ಸಿಸ್ಟಂ ಒಪ್ಪಬೇಕಲ್ವಾ? 4096ರ ಬ್ಲಾಕ್ ಇರುವ ಇಎಕ್ಸ್‌ಟಿ4 ಒಪ್ಪುತ್ತದೆ. 1024ರ ಬ್ಲಾಕ್ ಇದ್ದರೆ ಒಪ್ಪುವುದಿಲ್ಲ. 512ರ ಸೆಕ್ಟರ್‌ನಲ್ಲಿ ಮಾಡಿದ ಎಕ್ಸ್‌ಎಫ್‌ಎಸ್, ಫ್ಯಾಟ್, ಎನ್‌ಟಿಎಫ್‌ಎಸ್ ಕೂಡ ಒಪ್ಪುವುದಿಲ್ಲ, ಏಕೆಂದರೆ ಅವು ಸೆಕ್ಟರ್ ಅಳತೆಯನ್ನು ತಮ್ಮೊಳಗೇ ಬರೆದಿಟ್ಟುಕೊಂಡಿರುತ್ತವೆ. ಬೂಟ್ ಫೈಲ್‌ಗಳಿರುವ ಇಎಫ್‌ಐ ಪಾರ್ಟಿಶನ್ ಫ್ಯಾಟ್ ಆಗಿರುವುದರಿಂದ ಬೂಟ್ ಅಲ್ಲೇ ನಿಲ್ಲುತ್ತದೆ. ಇದಕ್ಕೆ ಹಂತ 7.

### ಎಲ್‌ವಿಎಂ ಗುಂಪಿಗೆ 4ಕೆಎನ್ ಡ್ರೈವ್ ಸೇರಿಸುವಾಗ

512ರ ಡ್ರೈವ್‌ಗಳ ಗುಂಪಿಗೆ 4ಕೆಎನ್ ಡ್ರೈವ್ ಸೇರಿಸಹೊರಟರೆ ಲಾಜಿಕಲ್ ಬ್ಲಾಕ್ ಅಳತೆ ಹೊಂದುತ್ತಿಲ್ಲ ಎಂದು ಎಲ್‌ವಿಎಂ ತಡೆಯುತ್ತದೆ. ಆ ತಡೆ ತೆಗೆಯುವ ಸೆಟ್ಟಿಂಗ್ ಒಂದಿದೆ, ಹುಡುಕಿದರೆ ಸಿಗುತ್ತದೆ. ತೆಗೆಯಬೇಡಿ. ತೆಗೆದು ಪಿವಿಮೂವ್ (ಡೇಟಾವನ್ನು ಗುಂಪಿನ ಇನ್ನೊಂದು ಡ್ರೈವ್‌ಗೆ ಸರಿಸುವ ಕಮಾಂಡ್) ಮಾಡಿದ ಮೇಲೆ 512ರ ಎಕ್ಸ್‌ಎಫ್‌ಎಸ್ ಮತ್ತೆ ಮೌಂಟ್ ಆಗುವುದಿಲ್ಲ. ಹೊಸ ಡ್ರೈವ್‌ಗೆ ಬೇರೆ ಗುಂಪು ಮಾಡಿ, ವಾಲ್ಯೂಮ್ ಕಾಪಿ ಮಾಡಿ.

## ಹಂತ 7: ಗೆಸ್ಟನ್ನೇ 4096ಕ್ಕೆ ಬದಲಿಸುವುದು

ನಿಜವಾಗಿ ಬೇಕಾದರೆ ಮಾತ್ರ ಇದಕ್ಕೆ ಕೈ ಹಾಕಿ. ಗೆಸ್ಟ್ ಫೈಲ್ ಸಿಸ್ಟಂಗಳು ಸಾಮಾನ್ಯವಾಗಿ 4 ಕೆಬಿ ತುಣುಕಿನಲ್ಲೇ ಬರೆಯುತ್ತವೆ. ಅಂಚು ಸರಿ ಇದ್ದರೆ 512 ಎಂದು ತೋರಿಸುವುದರಿಂದ ದೊಡ್ಡ ನಷ್ಟವಿಲ್ಲ.

ಬೇಕೇ ಬೇಕು ಎಂದಾದರೆ ಬ್ಲಾಕ್ ಕಾಪಿ ಬಿಟ್ಟು ಫೈಲ್ ಕಾಪಿ ಮಾಡಬೇಕು. ಕ್ರಮ ಹೀಗಿದೆ:

1. 4096ರ ಹೊಸ ವರ್ಚುವಲ್ ಡಿಸ್ಕನ್ನು ವರ್ಟಿಯೋ ಅಥವಾ ಸ್ಕಸಿ ಆಗಿ ಜೋಡಿಸಿ. ಕ್ಯೂಎಮುವಿನ ಐಡಿಇ, ಸಾಟಾ ಡಿಸ್ಕ್‌ಗಳು 512 ಮಾತ್ರ ಒಪ್ಪುತ್ತವೆ.
2. ವಿಎಂ ಫರ್ಮ್‌ವೇರ್ ಯುಇಎಫ್‌ಐ ಇರಲಿ. ಕ್ಯೂಎಮುವಿನ ಹಳೆ ಬಗೆಯ ಬಯಾಸ್ 4096ರ ಡಿಸ್ಕ್‌ನಿಂದ ಬೂಟ್ ಮಾಡುವುದಿಲ್ಲ.
3. ಲೈವ್ ಐಎಸ್‌ಒದಿಂದ ಬೂಟ್ ಮಾಡಿ ಹೊಸ ಜಿಪಿಟಿ ಬರೆಯಿರಿ. ಇಎಫ್‌ಐ ಪಾರ್ಟಿಶನ್ 260 ಎಂಬಿಗಿಂತ ಕಡಿಮೆ ಬೇಡ. 4096ರ ಸೆಕ್ಟರ್‌ನಲ್ಲಿ ಫ್ಯಾಟ್32 ಅದಕ್ಕಿಂತ ಚಿಕ್ಕದಾಗಿ ಕೂರುವುದಿಲ್ಲ. ಹಳೆಯ 100 ಎಂಬಿ ಅಳತೆಯನ್ನೇ ಕಾಪಿ ಹೊಡೆಯುವುದು ಇಲ್ಲಿ ಅತಿ ಸಾಮಾನ್ಯ ತಪ್ಪು.
4. ಹೊಸ ಫೈಲ್ ಸಿಸ್ಟಂಗಳನ್ನು ಮಾಡಿ, ಆರ್‌ಸಿಂಕ್‌ನಲ್ಲಿ ಎಲ್ಲ ಫೈಲ್ ಒಯ್ಯಿರಿ. ಹಾರ್ಡ್ ಲಿಂಕ್, ಎಸಿಎಲ್, ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್ ಉಳಿಸುವ ಆಯ್ಕೆಗಳನ್ನು ಸೇರಿಸಿ.
5. ಎಫ್‌ಎಸ್‌ಟ್ಯಾಬ್‌ನಲ್ಲಿ ಹೊಸ ಯುಯುಐಡಿ ಬರೆಯಿರಿ. ಕ್ರೂಟ್ ಮಾಡಿ ಗ್ರಬ್ ಹಾಕಿ, ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿ.
6. ಹಳೆಯ ಡಿಸ್ಕ್ ಕಳಚಿ ಬೂಟ್ ಮಾಡಿ. ಕಳಚದಿದ್ದರೆ ಯಾವುದರಿಂದ ಎದ್ದಿತು ಎಂದೇ ತಿಳಿಯುವುದಿಲ್ಲ.

ವಿಂಡೋಸ್ ಗೆಸ್ಟ್ ಆಗಿದ್ದರೆ ನನ್ನ ಸಲಹೆ ನೇರವಾದದ್ದು. 512ರಲ್ಲೇ ಬಿಡಿ. ಇಲ್ಲವೇ ಹೊಸದಾಗಿ ಇನ್‌ಸ್ಟಾಲ್ ಮಾಡಿ ಡೇಟಾ ಒಯ್ಯಿರಿ. 4ಕೆಎನ್‌ನಿಂದ ಬೂಟ್ ಆಗಲು ವಿಂಡೋಸ್ 8 ಅಥವಾ ಸರ್ವರ್ 2012 ನಂತರದ್ದು ಬೇಕು, ಜೊತೆಗೆ ಯುಇಎಫ್‌ಐ ಬೇಕು.

## ಹೈಪರ್-ವಿ ಬಳಸುವವರಿಗೆ

ಇಲ್ಲಿ ಅಳತೆ ಇಮೇಜ್ ಫೈಲ್ ಒಳಗೇ ಇರುತ್ತದೆ. ಹಳೆಯ ವಿಎಚ್‌ಡಿಯಲ್ಲಿ ಲಾಜಿಕಲ್ ಸೆಕ್ಟರ್ ಯಾವಾಗಲೂ 512. ವಿಎಚ್‌ಡಿಎಕ್ಸ್‌ನಲ್ಲಿ 512 ಅಥವಾ 4096. "ಗೆಟ್-ವಿಎಚ್‌ಡಿ" ಕೊಟ್ಟರೆ ಎರಡೂ ಅಳತೆ ಕಾಣುತ್ತವೆ.

ವಿಎಚ್‌ಡಿ ಇದ್ದರೆ "ಕನ್ವರ್ಟ್-ವಿಎಚ್‌ಡಿ"ಯಿಂದ ವಿಎಚ್‌ಡಿಎಕ್ಸ್ ಮಾಡಿಕೊಳ್ಳಿ. ಪರಿವರ್ತನೆಯಾದ ಮೇಲೂ ಫಿಸಿಕಲ್ ಅಳತೆ 512 ಎಂದೇ ಇದ್ದರೆ, "ಸೆಟ್-ವಿಎಚ್‌ಡಿ"ಯಲ್ಲಿ ಫಿಸಿಕಲ್ ಸೆಕ್ಟರ್ ಸೈಜ್ 4096 ಎಂದು ಕೊಡಿ. ವಿಎಂ ಆಫ್ ಇರಬೇಕು, ಚೆಕ್‌ಪಾಯಿಂಟ್‌ಗಳು ಮರ್ಜ್ ಆಗಿರಬೇಕು. ಲಾಜಿಕಲ್ ಅಳತೆಯನ್ನು ಮಾತ್ರ ಹೀಗೆ ಬದಲಿಸಲು ಆಗುವುದಿಲ್ಲ. ಅದು ಇಮೇಜ್ ಹುಟ್ಟುವಾಗಲೇ ತೀರ್ಮಾನವಾಗುತ್ತದೆ.

ಒಳಗೆ ಎಸ್‌ಕ್ಯುಎಲ್ ಸರ್ವರ್ ಓಡುತ್ತಿದ್ದರೆ, ಸಾಗಾಟದ ನಂತರ ಅದರ ಎರರ್ ಲಾಗ್ ತೆರೆದು "ಮಿಸ್‌ಅಲೈನ್ಡ್ ಲಾಗ್ ಐಒ" ಎಂಬ ಮಾತು ಹುಡುಕಿ. ಡೇಟಾ ಹೋಗಿದೆ ಎಂದಲ್ಲ. ಲಾಗ್ ಬರವಣಿಗೆ ಅಂಚು ತಪ್ಪಿ ನಿಧಾನವಾಗಿದೆ ಎಂದರ್ಥ.

## ಹಂತ 8: ಪರೀಕ್ಷೆ

ಮೊದಲು "ಕ್ಯೂಎಮು-ಐಎಂಜಿ ಕಂಪೇರ್" ಕೊಟ್ಟು ಹಳೆಯದನ್ನೂ ಹೊಸದನ್ನೂ ಹೋಲಿಸಿ. ಇದನ್ನು ವಿಎಂ ಆನ್ ಮಾಡುವ ಮೊದಲೇ ಮಾಡಿ. ಒಮ್ಮೆ ಬೂಟ್ ಆದ ಮೇಲೆ ಎರಡೂ ಒಂದೇ ಆಗಿ ಉಳಿಯುವುದಿಲ್ಲ. ಆಮೇಲೆ ಬೂಟ್ ಮಾಡಿ, ಗೆಸ್ಟ್ ಒಳಗೆ ಸೆಕ್ಟರ್ ಅಳತೆ ನೋಡಿ, ಹಂತ 1ರ ಚೀಟಿಗೆ ತಾಳೆ ನೋಡಿ.

## ಈ ಸೂಚನೆ ಕಂಡರೆ ನಿಲ್ಲಿ

ಎಕ್ಸ್‌ಎಫ್‌ಎಸ್ ಮೌಂಟ್ ಮಾಡುವಾಗ "ಫಂಕ್ಷನ್ ನಾಟ್ ಇಂಪ್ಲಿಮೆಂಟೆಡ್" ಎಂದು ಬಂದರೆ ಕರ್ನಲ್ ಲಾಗ್ ನೋಡಿ. ಡ್ರೈವ್ 4096 ಕೊಡುತ್ತದೆ, 512 ಅಲ್ಲ ಎಂಬ ಸಾಲು ಅಲ್ಲಿರುತ್ತದೆ. ಇದಕ್ಕೆ ಎಕ್ಸ್‌ಎಫ್‌ಎಸ್ ರಿಪೇರಿ ಓಡಿಸಬೇಡಿ. ಫೈಲ್ ಸಿಸ್ಟಂ ಆರೋಗ್ಯವಾಗಿದೆ, ಕೂತ ಜಾಗ ತಪ್ಪಾಗಿದೆ. ಫ್ಯಾಟ್ ವಿಷಯದಲ್ಲಿ "ಲಾಜಿಕಲ್ ಸೆಕ್ಟರ್ ಸೈಜ್ ಟೂ ಸ್ಮಾಲ್" ಎಂದು ಬಂದರೂ ಇದೇ ಅರ್ಥ.

ಪಾರ್ಟಿಶನ್ ಟೇಬಲ್ ಕಾಣದಿದ್ದಾಗ ಕಳೆದ ಪಾರ್ಟಿಶನ್ ಹುಡುಕಿ ಬರೆಯುವ ಟೂಲ್‌ಗಳಿಗೆ ಹೋಗಬೇಡಿ. ಮೊದಲು ಲೋಸೆಟಪ್‌ನಲ್ಲಿ ಎರಡೂ ಅಳತೆ ಹಾಕಿ ನೋಡಿ.

ಎನ್‌ವಿಎಂಇ ಡ್ರೈವನ್ನು 512ರಿಂದ 4096ಕ್ಕೆ, ಅಥವಾ ವಾಪಸ್, ಬದಲಿಸುವ "ಎನ್‌ವಿಎಂಇ ಫಾರ್ಮ್ಯಾಟ್" ಕಮಾಂಡ್ ಬಗ್ಗೆ ಜಾಸ್ತಿ ಎಚ್ಚರ ಇರಲಿ. ಅದು ಸೆಟ್ಟಿಂಗ್ ಬದಲಿಸುವ ಕಮಾಂಡ್‌ನಂತೆ ಕಾಣುತ್ತದೆ. ಆದರೆ ಡ್ರೈವ್ ಮೇಲಿನ ಎಲ್ಲವನ್ನೂ ಅಳಿಸುತ್ತದೆ. ಖಾಲಿ ಡ್ರೈವ್ ಕೈಗೆ ಬಂದ ದಿನ, ಇಮೇಜ್ ಇಡುವ ಮೊದಲೇ, ಈ ತೀರ್ಮಾನ ಮುಗಿಸಿ.

ಹಳೆಯ ಡ್ರೈವನ್ನು ಕೂಡಲೇ ಅಳಿಸಬೇಡಿ. ಹೊಸ ಜಾಗದಿಂದ ವಿಎಂ ಎರಡು ಸಲ ಪೂರ್ತಿ ಆಫ್ ಆಗಿ ಎದ್ದು, ಅಲ್ಲಿಂದ ತೆಗೆದ ಒಂದು ಬ್ಯಾಕಪ್ ಬೇರೆ ಕಡೆ ರಿಸ್ಟೋರ್ ಆಗಿ ಓಡಿದ ಮೇಲೆ ಅದನ್ನು ಬೇರೆ ಕೆಲಸಕ್ಕೆ ಕೊಡಿ. ಅಲ್ಲಿವರೆಗೆ ಮೇಲೆ "512, ಮುಟ್ಟಬೇಡಿ" ಎಂದು ಚೀಟಿ ಅಂಟಿಸಿ ಡ್ರಾಯರ್‌ನಲ್ಲಿಡಿ.